ಅಮ್ಮ ಎತ್ತಬಲ್ಲ ಪೆಟ್ಟಿಗೆ

"ಎತ್ತಿ ನೋಡಿ ವಕೀಲ್ರೇ. ಬಾಯಲ್ಲಿ ಹೇಳಿದ್ರೆ ಗೊತ್ತಾಗುದಿಲ್ಲ."

ಗಜಾನನ ಬಾಳಿಗರು ಮರದ ಪೆಟ್ಟಿಗೆಯೊಂದನ್ನು ತಂದು ನನ್ನ ಕಾಲಬುಡದಲ್ಲಿಟ್ಟರು. ಎರಡು ಬದಿಗೂ ಹಗ್ಗದ ಹಿಡಿ, ಒಳಗೊಂದು ಕಾರಿನ ಬ್ಯಾಟರಿ. ಬಂಟ್ವಾಳ ಪೇಟೆಯಲ್ಲಿ ಅವರದು ಬ್ಯಾಟರಿ ಅಂಗಡಿ. ಎಪ್ಪತ್ತನಾಲ್ಕರ ನೆರೆ ಕಂಡವರಾದ್ದರಿಂದ ಮಾಲನ್ನೆಲ್ಲ ಎದೆಯೆತ್ತರದ ಹಲಗೆಗಳ ಮೇಲೆಯೇ ಇಡುತ್ತಾರೆ. ನಾನು ಕರಿ ಕೋಟು ಕಳಚಿ, ಸೆರಗು ಸಿಕ್ಕಿಸಿ ಪೆಟ್ಟಿಗೆ ಎತ್ತಿದೆ. ಸೊಂಟ ಒಮ್ಮೆ ಚುಳ್ ಎಂದಿತು. ಆದರೂ ಬಾಗಿಲ ತನಕ ಹೊತ್ತು ನಡೆದು ಇಳಿಸಿದೆ.

"ಎಷ್ಟು ಭಾರ ಅನಿಸ್ತು?"

"ತುಂಬಿದ ಕೊಡಪಾನದಷ್ಟು."

"ಹಾಂ! ಇದೇ ಮಾತು ಅವನೂ ಹೇಳಿದ್ದು."

ಅವನು ಎಂದರೆ ನನ್ನ ಕಕ್ಷಿದಾರ ಇದಿನಬ್ಬ. ಮೂಡಬಿದಿರೆಯ ವೀರರಾಜ ಪಡಿವಾಳರ ಕಾರಿನ ಡ್ರೈವರ್. ಎದೆನೋವಿನಿಂದ ಒದ್ದಾಡುತ್ತಿದ್ದ ಧಣಿಯನ್ನು ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕಾರು ಸ್ಟಾರ್ಟ್ ಆಗದಂತೆ ಮಾಡಿ ಸಾಯಿಸಿದ ಎಂಬ ಆರೋಪ ಹೊತ್ತು ಈ ವಾರವಿಡೀ ಕಂಬಿಯ ಹಿಂದೆ ಕೂತವನು.

ನಾಳೆ ಅವನ ಜಾಮೀನು ಅರ್ಜಿಯ ವಿಚಾರಣೆ. ಸಿಕ್ಕದಿದ್ದರೆ ಮಂಗಳೂರಿನ ಜೈಲು. ಅವನ ಹೆಂಡತಿ ಜುಲೈಕಾ ತುಂಬು ಬಸುರಿ. ಬೆಳ್ತಂಗಡಿಯಿಂದ ಮೊದಲ ಬಸ್ಸಿಗೆ ಹೊರಟು ಬಂದು ನನ್ನ ಆಫೀಸಿನ ಬೆಂಚಿನಲ್ಲಿ ಕೂತವಳು ನಾನು ಕೊಟ್ಟ ಚಾ ಮುಟ್ಟಿರಲಿಲ್ಲ. "ಅವರು ಹೊರಗೆ ಬರ್ತಾರಾ ಅಕ್ಕ?" ಎಂದು ಕೇಳಿದ್ದಳು, ಅಷ್ಟೇ. ಬರ್ತಾನೆ ಎಂದುಬಿಟ್ಟಿದ್ದೆ. ವಕೀಲರಾದವರು ಹಾಗೆಲ್ಲ ಮಾತು ಕೊಡಬಾರದು. ಆದರೆ ಆ ಮುಖ ನೋಡಿ ಬೇರೇನು ಹೇಳಲಿ?

"ಅವನು ಬಂದ ದಿನ ಏನೇನು ಕೇಳಿದ, ಬಿಡಿಸಿ ಹೇಳಿ ಬಾಳಿಗರೇ."

ಬಾಳಿಗರು ಮೂಗಿಗೆ ನಸ್ಯ ಏರಿಸಿದರು. ತುಳುವಿನಲ್ಲಿ ಶುರುವಾಗಿದ್ದ ಅವರ ಮಾತು ನನ್ನ ಕರಿ ಕೋಟು ಕಂಡ ಮೇಲೆ ಕನ್ನಡಕ್ಕೆ ಹಾರಿತ್ತು.

"ಶೆಡ್ಡಿನಲ್ಲೇ ಮಲಗಿರುವ ಗಾಡಿಗೆ ಎಂತದು ಒಳ್ಳೇದು ಅಂತ ಕೇಳಿದ. ಪಡಿವಾಳರಿಗೆ ಚಾತುರ್ಮಾಸ್ಯದ ವ್ರತ ಅಲ್ವಾ? ಮಳೆಗಾಲ ನಾಲ್ಕು ತಿಂಗಳು ಊರು ಬಿಟ್ಟು ಹೊರಡುವ ಹಾಗಿಲ್ಲ. ಆಸ್ಪತ್ರೆಗೆ ಮಾತ್ರ ಅಡ್ಡಿ ಇಲ್ಲ ಅಂತ ವ್ರತ ಹಿಡಿಯುವಾಗಲೇ ಹೇಳಿಕೊಂಡಿದ್ರಂತೆ. ಗಾಡಿ ಮಲಗಿದ್ರೆ ಬ್ಯಾಟರಿಯೂ ಮಲಗ್ತದೆ. ಇವರದ್ದು ಹಾರ್ಟು. ಯಾವ ಗಳಿಗೆಯಲ್ಲಿ ಮಂಗಳೂರಿಗೆ ಓಡ್ಬೇಕೋ ಗೊತ್ತಿಲ್ಲ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ರೆಡಿ ಇರ್ಬೇಕು, ತಂದು ವಯರು ಕಚ್ಚಿಸಿದ ಕೂಡ್ಲೇ ಗಾಡಿ ಹೊರಡ್ಬೇಕು ಅಂದ."

"ನೀವು ಯಾವುದು ತೋರಿಸಿದ್ರಿ?"

"ಮೊದ್ಲು ಲಾರಿಯದ್ದು ತೋರಿಸಿದೆ. ಅದು ಎಂಥಾ ಎಂಜಿನನ್ನೂ ಎಬ್ಬಿಸ್ತದೆ ಮಾರಾಯ್ರೆ, ಆದ್ರೆ ಎತ್ತಲಿಕ್ಕೆ ಎರಡು ಜನ ಬೇಕು. ಅವನು ಬೇಡ ಅಂದ. ಹಾಗಾದ್ರೆ ಸಣ್ಣದು ತಗೋ ಅಂದೆ. ಅದು ಮಕ್ಕಳೂ ಎತ್ತುವಂಥದ್ದು. ಅವನೇ ನಕ್ಕ. ಇದು ಒಂದು ಸಲ ಗುರ್ ಅಂತದೆ ಬಾಳಿಗರೇ, ಮತ್ತೆ ಇಲ್ಲ ಅಂತ. ಕೊನೆಗೆ ಈ ನಡುವಿನದ್ದು. ಕಾರಿಗೆ ಇರುವುದೂ ಇದೇ ಅಳತೆ."

"ಇದನ್ನೇ ಯಾಕೆ ಆರಿಸಿದ?"

ಬಾಳಿಗರ ದನಿ ಸ್ವಲ್ಪ ಇಳಿಯಿತು. "ನಮ್ಮ ದೊಡ್ಡಕ್ಕನನ್ನು ಒಳಗಿಂದ ಕರೆಸಿದ. ಅಕ್ಕ, ನೀವು ಒಮ್ಮೆ ಎತ್ತಿ ನೋಡಿ, ನಮ್ಮ ಧಣಿಯ ಮನೆಯ ಅಮ್ಮನವರೂ ನಿಮ್ಮದೇ ಪ್ರಾಯದವರು ಅಂದ. ಮಳೆಗಾಲದಲ್ಲಿ ಇವನು ಬೆಳ್ತಂಗಡಿಯ ತನ್ನ ಮನೆಯಲ್ಲೇ ಇರುವುದು ಹೆಚ್ಚು. ಇವನಿಲ್ಲದಾಗ ಧಣಿಗೆ ನೋವು ಬಂದ್ರೆ ಅಮ್ಮನವರೇ ಇದನ್ನು ಹೊತ್ತು ತಂದು, ವಯರು ಕಚ್ಚಿಸಿ, ನೆರೆಮನೆಯವರ ಹತ್ರ ಗಾಡಿ ಬಿಡಿಸ್ಬೇಕು. ಅದಕ್ಕೆ ಒಂದು ವಯರಿಗೆ ಕೆಂಪು ಬಟ್ಟೆ ಸುತ್ತಿಸಿದ. ಅಮ್ಮನವರಿಗೆ ಕೆಂಪು ಯಾವುದು ಕಪ್ಪು ಯಾವುದು ಅಂತ ಗೊಂದಲ ಆಗ್ಬಾರ್ದಂತೆ."

ಕೊಲ್ಲಲು ಹೊರಟವನು ಇಷ್ಟು ಯೋಚಿಸುತ್ತಾನೆಯೇ?

ದೂರು ಕೊಟ್ಟವನು ಪಡಿವಾಳರ ತಂಗಿಯ ಮಗ ವರ್ಧಮಾನ. ಮಕ್ಕಳಿಲ್ಲದ ಪಡಿವಾಳರ ಮನೆ ಇನ್ನು ಅವನದೇ. ಹೊಸ ಬ್ಯಾಟರಿಯನ್ನು ಇದಿನಬ್ಬ ಮಾರಿಕೊಂಡು ಯಾವುದೋ ಹಳೆಯದನ್ನು ಪೆಟ್ಟಿಗೆಯೊಳಗಿಟ್ಟ, ಆದ್ದರಿಂದಲೇ ಮಾವ ಸತ್ತರು ಎಂದು ಅವನ ವಾದ.

"ಠಾಣೆಯಲ್ಲಿರುವುದು ನೀವು ಮಾರಿದ ಬ್ಯಾಟರಿಯೇ ಅಂತ ಗೊತ್ತಾಗುವುದು ಹೇಗೆ?"

"ನಾನು ಮಾರುವ ಪ್ರತಿಯೊಂದರ ವಯರು ಕಚ್ಚಿಸುವ ಸೀಸದ ಕೊಂಬಿಗೂ ಉಳಿಯಲ್ಲಿ ಎರಡು ಗೆರೆ ಹೊಡೀತೇನೆ. ಅದು ಇದ್ರೆ ನನ್ನದು, ಇಲ್ಲದಿದ್ರೆ ನನ್ನದಲ್ಲ."

"ಹೊಸ ಬ್ಯಾಟರಿ ಹಾಗೆ ಪೂರ್ತಿ ಸಾಯ್ತದಾ?"

"ಸುಮ್ಮನೆ ಸಾಯುದಿಲ್ಲ. ನೀರು ತಪ್ಪಿದ್ರೆ ಸಾಯ್ತದೆ. ನೀರು ಕಡಿಮೆಯಾದ್ರೆ ಬಾಟ್ಲಿಯ ನೀರೇ ಹಾಕ್ಬೇಕು, ಅಂಗಡಿಯಲ್ಲಿ ಕೊಡುವ ಡಿಸ್ಟಿಲ್ಡ್ ವಾಟರ್. ನಮ್ಮ ಊರಿನ ಬಾವಿಗಳೆಲ್ಲ ಕೆಂಪು ಮುರಕಲ್ಲಿನವು, ನೀರಿನಲ್ಲಿ ಕಬ್ಬಿಣದ ಅಂಶ. ಅದು ಒಳಗೆ ಹೋದ್ರೆ ಬ್ಯಾಟರಿ ಕೂತಲ್ಲೇ ಸೋರಿ ಹೋಗ್ತದೆ, ಹೊರಗಿಂದ ಎಂತದೂ ಕಾಣುದಿಲ್ಲ. ಇದನ್ನು ಇದಿನಬ್ಬನಿಗೆ ಮತ್ತೆ ಮತ್ತೆ ಹೇಳಿ, ಬಾಟ್ಲಿಯನ್ನೂ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಅವನ ಬಾಯಿಂದಲೇ ತಿರುಗಿ ಹೇಳಿಸಿದ್ದೇನೆ."

"ಹೇಳಿದ್ನಾ?"

"ತಪ್ಪಿಲ್ಲದೆ ಹೇಳಿದ. ಹುಷಾರು ಜನ."

ಇಷ್ಟು ಜಾಗ್ರತೆಯ ಮನುಷ್ಯ ಎಂದು ನ್ಯಾಯಾಧೀಶರಿಗೆ ತಿಳಿಯಬೇಡವೇ? ಪಕ್ಕದ ಬೀದಿಯ ಟೈಪಿಸ್ಟನ ಬಳಿ ಬಾಳಿಗರನ್ನು ಕರೆದೊಯ್ದು ಅಫಿಡವಿಟ್ ಬರೆಸಿದೆ. ಗೆರೆಯ ವಿಷಯ ಸಾಕು ಎಂದರು ಅವರು. ನಾನೇ ಹಟ ಹಿಡಿದು ಬಾವಿ ನೀರಿನ ಎಚ್ಚರಿಕೆಯನ್ನೂ ಇದಿನಬ್ಬ ಅದನ್ನು ತಿರುಗಿ ಒಪ್ಪಿಸಿದ್ದನ್ನೂ ಸೇರಿಸಿದೆ. ನೋಟರಿಯ ಮೊಹರು ಬಿತ್ತು. ಸಿದ್ಧಕಟ್ಟೆ ದಾರಿಯಾಗಿ ಮೂಡಬಿದಿರೆಗೆ ಹೋಗುವ ಬಸ್ಸು ಹತ್ತುವಾಗ ಎಷ್ಟೋ ದಿನಗಳ ನಂತರ ನನಗೆ ಸ್ವಲ್ಪ ಉಸಿರು ಬಂದಿತ್ತು.

ಆ ಬೆಳಕಿಲ್ಲದ ಹಗಲು ಈಗಲೂ ನೆನಪಿದೆ. ಸೋಣ ತಿಂಗಳು, ಮಳೆಗಾಲದ ಕೊನೆ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಬೋರ್ಡು ತೂಗುಹಾಕಿದವಳು ನಾನು, ಕೊಲೆಯ ಮಾತಿರುವ ಕೇಸು ಇದೇ ಮೊದಲು. ಹೆಣ್ಣು ವಕೀಲರಿಗೆ ಜೀವನಾಂಶದ ಕೇಸು ಸಾಕು ಎಂದು ಬಾರ್ ರೂಮಿನಲ್ಲಿ ನಗುವವರ ಬಾಯಿ ನಾಳೆ ಮುಚ್ಚುತ್ತದೆ ಎಂದುಕೊಂಡೆ. ನನ್ನ ಹಮ್ಮು ನನಗೆ ಚೆನ್ನಾಗಿಯೇ ಗೊತ್ತು.

ಠಾಣೆಯಲ್ಲಿ ಎಸ್‌ಐ ಎದುರಿನ ಕುರ್ಚಿಯಲ್ಲಿ ವರ್ಧಮಾನ ಕೂತಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಿಳಿ ಅಂಗಿ. ನನ್ನನ್ನು ಕಂಡು ಎದ್ದು ನಿಂತ.

"ತ್ರಿಪುರಸುಂದರಿ ವಕೀಲ್ರು ಅಂದ್ರೆ ನೀವೇ ಅಲ್ವಾ ಮೇಡಂ? ಬನ್ನಿ, ಕೂತ್ಕೊಳ್ಳಿ."

ಇಂಥ ಮರ್ಯಾದೆಯ ಮನುಷ್ಯರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಕೂರದೆ ಅಫಿಡವಿಟ್ಟಿನ ಪ್ರತಿಯನ್ನು ಎಸ್‌ಐ ಮೇಜಿನ ಮೇಲಿಟ್ಟೆ. ಹೆಡ್ ಕಾನ್‌ಸ್ಟೇಬಲ್ ಚನಿಯಪ್ಪ ಒಳಗಿನಿಂದ ವಶಪಡಿಸಿಕೊಂಡ ಪೆಟ್ಟಿಗೆ ತಂದರು. ಸೀಸದ ಕೊಂಬನ್ನು ಅವರೇ ಬಟ್ಟೆಯಿಂದ ಒರೆಸಿದರು. ಎರಡು ಗೆರೆ.

"ಉಂಟು ಸಾರ್," ಎಂದರು ಚನಿಯಪ್ಪ.

"ಹಾಗಾದರೆ ಮಾರಿಕೊಂಡ ಎಂಬ ಮಾತು ಬಿತ್ತು," ಎಂದೆ.

ಎಸ್‌ಐ ಹೌದೆನ್ನುವಂತೆ ತಲೆ ಆಡಿಸಿದರು. ಆದರೆ ಅವರೇನು ದಡ್ಡರಲ್ಲ. "ಸರಿ ಮೇಡಂ. ಹೊಸತೇ ಅಂತ ಇಟ್ಟುಕೊಳ್ಳುವ. ಮತ್ತೆ ಅದು ಸತ್ತದ್ದು ಹೇಗೆ? ಕಾರಿನದು ಮಲಗಿತ್ತು, ಇದೂ ಮಲಗಿತ್ತು. ಒಂದಕ್ಕೊಂದು ಆಸರೆ ಇರಲಿ ಅಂತ ಇಟ್ಟದ್ದು ಎರಡೂ ಒಟ್ಟಿಗೆ ಹೇಗೆ ಕೈಕೊಡ್ತದೆ?"

ವರ್ಧಮಾನ ಮೆಲ್ಲಗೆ ಹೇಳಿದ. "ಲಾರಿ ಬ್ಯಾಟರಿ ತಾ, ಪೆಟ್ಟಿಗೆಯ ಕೆಳಗೆ ಚಕ್ರ ಹಾಕಿಸುವ ಅಂತ ನಾನು ಹೇಳಿದ್ದೆ. ಇದಿನಬ್ಬ ಕೇಳಲಿಲ್ಲ. ಅಮ್ಮನವರಿಗೆ ಎತ್ತಲಿಕ್ಕೆ ಆಗುವಂಥದ್ದೇ ಬೇಕು ಅಂತ ಮಾವನ ಹತ್ರ ಹೇಳಿ ಒಪ್ಪಿಸಿದ. ಆ ದಿನ ಜೀಪು ತಗೊಂಡು ನಾನು ವೇಣೂರಿಗೆ ಹೋಗಿದ್ದೆ. ಬರುವಾಗ ಎಲ್ಲ ಮುಗಿದಿತ್ತು."

ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವೋ ನಟನೆಯೋ ನನಗೆ ಹೊಳೆಯಲಿಲ್ಲ. ಮನೆಯಲ್ಲಿದ್ದ ಓಡುವ ಗಾಡಿ ಅದೊಂದೇ, ಅದು ಅದೇ ದಿನ ವೇಣೂರಿನಲ್ಲಿತ್ತು ಎಂಬುದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

"ಚನಿಯಪ್ಪನವರೇ, ಇದರ ಒಂದು ಮುಚ್ಚಳ ತೆಗಿಯುವ. ನಿಮ್ಮ ಇಂಕ್ ಫಿಲ್ಲರ್ ಒಮ್ಮೆ ಕೊಡಿ."

ಮಸಿಬುಡ್ಡಿಯ ಪಕ್ಕದಲ್ಲಿದ್ದ ಫಿಲ್ಲರನ್ನು ಅವರು ತೊಳೆದು ಕೊಟ್ಟರು. ಬ್ಯಾಟರಿಯ ಬಾಯಿಗಿಳಿಸಿ ಒಂದಿಷ್ಟು ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ನೀರಿನಷ್ಟು ತಿಳಿಯಾಗಿರಬೇಕಾದದ್ದು ತೆಳು ಚಾದ ಬಣ್ಣಕ್ಕೆ ತಿರುಗಿತ್ತು. ಫಿಲ್ಲರಿನ ತುದಿಯಲ್ಲಿ ಕೆಂಪು ಗಸಿ.

ಪೆಟ್ಟಿಗೆಯ ಮೂಲೆಯಲ್ಲಿ ಬಾಳಿಗರು ಕೊಟ್ಟ ಬಾಟಲಿಯೂ ಇತ್ತು. ಅದರ ಮುಚ್ಚಳದ ಮೇಣ ಒಡೆದಿರಲಿಲ್ಲ. ಬಾಟಲಿಯ ನೀರನ್ನು ಯಾರೂ ಹಾಕಿಲ್ಲ. ಆದರೂ ಬ್ಯಾಟರಿಯೊಳಗೆ ಕಂಠಮಟ್ಟ ನೀರಿದೆ. ಹಾಕಿದ್ದು ಬಾವಿಯ ನೀರು.

ಎಸ್‌ಐ ಮುಂದೆ ನಾನು ಬಾಯಿ ಬಿಡಲಿಲ್ಲ. ಬಾವಿ ನೀರು ಹಾಕುವವರು ಯಾರಿರಬಹುದು ಎಂದು ನನಗೆ ಆಗಲೇ ಗುಮಾನಿ ಹುಟ್ಟಿತ್ತು. ಜೈನರ ಮನೆಗಳಲ್ಲಿ ಉಂಡು ತಿಂದು ಬೆಳೆದವಳು ನಾನು. ವ್ರತ ಹಿಡಿದವರ ಮನೆಯಲ್ಲಿ ಸೋಸದ ನೀರು ಒಲೆಗೇರುವುದಿಲ್ಲ. ಇಂದು ಕಾಯಿಸಿದ ನೀರು ನಾಳೆಗೆ ಆಗುವುದಿಲ್ಲ. ಹಾಗಿರುವಾಗ ತಿಂಗಳುಗಟ್ಟಲೆ ಬಾಟಲಿಯಲ್ಲಿ ಕೂತ ನೀರನ್ನು ಆ ಮನೆಯ ಯಜಮಾನಿ ಮುಟ್ಟುತ್ತಾರೆಯೇ?

ಇದಿನಬ್ಬನನ್ನು ಮಾತಾಡಿಸಲು ಬಿಟ್ಟರು. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಆ ಸಂಜೆ ಎಂಜಿನ್ ಎಬ್ಬಿಸಲು ಕಾರಿನ ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸುಲಿದ ಕೈಗಳು.

"ಬ್ಯಾಟರಿಯಲ್ಲಿ ಒಂಚೂರು ಜೀವ ಇದ್ದಿದ್ರೂ ಹ್ಯಾಂಡಲಿಗೆ ಹಿಡೀತಿತ್ತು ವಕೀಲಮ್ಮ," ಎಂದ ತಲೆ ಎತ್ತದೆ. "ನೆರೆಯವರು ತಳ್ಳಿದ್ರು. ಬೀದಿಯ ಕೊನೆ ತನಕ ತಳ್ಳಿದ್ರು. ಧಣಿ ಹಿಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲಿ ಮಲಗಿದ್ರು. ನನ್ನ ಹೆಸರು ಹಿಡಿದು ಕರೀತಾ ಇದ್ರು."

"ಇದಿನಬ್ಬ, ಬ್ಯಾಟರಿಗೆ ಬಾವಿ ನೀರು ಬಿದ್ದಿದೆ."

ಅವನು ತಟ್ಟನೆ ತಲೆ ಎತ್ತಿದ.

"ಹಾಕಿದ್ದು ಅಮ್ಮನವರು ಅಲ್ವಾ?"

ಸುತ್ತಿದ ಬಟ್ಟೆಯ ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಂಡ.

"ನಿನಗೆ ಗೊತ್ತುಂಟು. ಅವರಿಗಾಗಿ ಬಾಯಿ ಮುಚ್ಚಿ ಕೂತಿದ್ದಿ. ಹೌದಾ ಅಲ್ವಾ?"

"ಅಮ್ಮನ ಹತ್ರ ಹೋಗ್ಬೇಡಿ ವಕೀಲಮ್ಮ." ಅವನು ಕಂಬಿ ಹಿಡಿದ. "ನಿಮ್ಮ ಕಾಲು ಹಿಡೀತೇನೆ. ಅವರನ್ನು ಕೋರ್ಟಿಗೆ ಎಳೀಬೇಡಿ. ಎಷ್ಟು ವರ್ಷ ಬೇಕಾದ್ರೂ ಒಳಗೆ ಕೂತ್ಕೊಳ್ತೇನೆ."

"ಜುಲೈಕಾ?"

ಆ ಹೆಸರಿಗೆ ಅವನು ಕಂಬಿಗೆ ಹಣೆ ಒರಗಿಸಿದ. ಆದರೂ ಹೇಳಿದ್ದು ಅದನ್ನೇ. "ಅಮ್ಮನ ಹತ್ರ ಹೋಗ್ಬೇಡಿ."

ಹೊರಗೆ ಬಂದು ಠಾಣೆಯ ಜಗಲಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಇಂಥವನನ್ನು ಜೈಲಿಗೆ ಹೋಗಲು ಬಿಡಲೇ? ಇತ್ತ ಇವನನ್ನು ಬಿಡಿಸಬೇಕಾದರೆ ಗಂಡನ ಸೂತಕದಲ್ಲಿರುವ ಹೆಂಗಸಿನ ಎದುರು ಕೂತು ನಿಮ್ಮ ಕೈಯ ನೀರೇ ನಿಮ್ಮ ಗಂಡನನ್ನು ಕೊಂದಿತು ಎನ್ನಬೇಕು. ಅಂಥ ಮಾತಾಡಿದ ಬಾಯಿಗೆ ಅನ್ನ ಸೇರೀತೇ? ಚನಿಯಪ್ಪ ನನ್ನ ಪಕ್ಕ ಬಂದು ನಿಂತರು.

"ಎಂತ ಮಾಡ್ತೀರಿ ಮೇಡಂ?"

"ಹೋಗ್ತೇನೆ," ಎಂದೆ. ಬಸುರಿಗೆ ಮಾತು ಕೊಟ್ಟಾಗಿತ್ತು.

ಜೈನ ಪೇಟೆಯ ಕೊನೆಯ ಮನೆ ಅವರದು. ಬೀದಿಗೇ ತಾಗಿದ ಶೆಡ್ಡಿನಲ್ಲಿ ಬೂದು ಬಣ್ಣದ ಅಂಬಾಸಿಡರ್ ನಿಂತಿತ್ತು. ಅದರ ಬಾನೆಟ್ಟನ್ನು ಇನ್ನೂ ಯಾರೂ ಇಳಿಸಿರಲಿಲ್ಲ. ವರ್ಧಮಾನನ ಜೀಪು ಇರಲಿಲ್ಲ. ನನಗೆ ಬೇಕಾದದ್ದೂ ಅದೇ.

ಅನಂತಮತಿ ಅಮ್ಮ ಒಳ ಜಗಲಿಯಲ್ಲಿ ಊಟಕ್ಕೆ ಕೂರುವುದರಲ್ಲಿದ್ದರು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ. ಎಲೆಯಲ್ಲಿ ಹಿಡಿಯಷ್ಟು ಅನ್ನ, ಒಂದಿಷ್ಟು ಹೆಸರುಬೇಳೆ ತೊವ್ವೆ. ಐವತ್ತೈದು ದಾಟಿದ ತೆಳ್ಳಗಿನ ಹೆಂಗಸು, ಬೆನ್ನು ಮಾತ್ರ ನೆಟ್ಟಗೆ.

"ಇದಿನಬ್ಬನ ವಕೀಲರಾ? ಕೂತ್ಕೊಳ್ಳಿ. ಹೇಗಿದ್ದಾನೆ ಅವನು? ಕೈ ವಾಸಿ ಆಯ್ತಾ?"

ಗಂಡನನ್ನು ಕೊಂದ ಎಂಬ ಆರೋಪ ಹೊತ್ತವನ ಕೈಯ ಗಾಯ ವಿಚಾರಿಸುವ ಹೆಂಗಸಿನ ಮುಂದೆ ಆ ಮಾತು ತೆಗೆಯುವುದು ಹೇಗೆ? ಊಟ ಮಾಡಿ, ಮತ್ತೆ ಮಾತಾಡುವ ಎಂದೆ. ಅವರು ಎಲೆಯನ್ನು ಸ್ವಲ್ಪ ಬದಿಗೆ ಸರಿಸಿದರು.

"ನೀವು ಬಂದದ್ದು ಹೇಳಿ. ಇಲ್ಲದಿದ್ರೆ ನನಗೂ ಗಂಟಲಲ್ಲಿ ಇಳಿಯುದಿಲ್ಲ."

"ಅಮ್ಮ, ಆ ಪೆಟ್ಟಿಗೆಯ ಬ್ಯಾಟರಿಗೆ ನೀರು ಹಾಕ್ತಾ ಇದ್ದದ್ದು ನೀವಾ?"

"ಹೌದು."

ಒಂದು ಕ್ಷಣದ ತಡವರಿಕೆಯೂ ಇರಲಿಲ್ಲ.

"ಯಾವ ನೀರು?"

"ನಮ್ಮ ಬಾವಿಯದ್ದು. ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ ಹಾಕ್ತಿದ್ದೆ. ಕುಡಿಯುವ ನೀರಿಗೆ ಮಾಡುವಷ್ಟೇ ಶುದ್ಧದಲ್ಲಿ."

"ಬಾಟ್ಲಿ ಕೊಟ್ಟಿದ್ರಲ್ಲ ಅಂಗಡಿಯವರು?"

"ಅದು ಯಾವ ಕಾಲದ ನೀರೋ ಎಂತದೋ. ಕೂತ ನೀರಿನಲ್ಲಿ ಜೀವ ಹುಟ್ಟುದಿಲ್ವಾ? ಪೆಟ್ಟಿಗೆಯ ಒಳಗೆ ಇರುವುದು ಆ್ಯಸಿಡ್ ಅಂತೆ. ಆ ನೀರನ್ನು ಅದಕ್ಕೆ ಸುರಿದ್ರೆ ಅಷ್ಟೂ ಜೀವ ಬೆಂದು ಸಾಯ್ತದೆ. ಚಾತುರ್ಮಾಸ್ಯದಲ್ಲಿ ಹಸುರು ತರಕಾರಿ ಕೊಯ್ಯಲಿಕ್ಕೂ ಅಂಜುವವರು ನಾವು. ನನ್ನ ಕೈಯಿಂದ ಅದು ಆಗ್ಲಿಲ್ಲ."

ನಾನು ಕೂತಲ್ಲೇ ಕುಗ್ಗಿದೆ. ಕಣ್ಣಿಗೆ ಕಾಣದ ಜೀವಗಳಿಗೆ ನೋವಾಗಬಾರದೆಂದು ಈ ಹೆಂಗಸು ಮಾಡಿದ ಕೆಲಸ ಇದು. ಇದಕ್ಕೆ ಯಾವ ಕಲಂ ಹಚ್ಚುತ್ತಾರೆ? ಇವರಿಗೆ ನಾನು ಹೇಗೆ ಹೇಳಲಿ?

ಹೇಳಿದೆ. ಬಾಳಿಗರು ಹೇಳಿದ ಕಬ್ಬಿಣದ ಅಂಶವನ್ನೂ, ಫಿಲ್ಲರಿನಲ್ಲಿ ಕಂಡ ಬಣ್ಣವನ್ನೂ ಆದಷ್ಟು ಮೆಲ್ಲಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು. ಮುಗಿದ ಮೇಲೆ ಗೋಡೆಗೆ ಒರಗಿಕೊಂಡರು. ಅಷ್ಟು ಹೊತ್ತು ನೆಟ್ಟಗಿದ್ದ ಬೆನ್ನು ಬಾಗಿತು.

"ಹಾಗಾದ್ರೆ ನಾನೇ," ಎಂದರು.

"ಗೊತ್ತಿಲ್ಲದೆ ಆದದ್ದಮ್ಮ."

"ಗೊತ್ತಿಲ್ಲದೆ ಆದ್ರೂ ಆದದ್ದು ಆಯ್ತಲ್ಲ. ಅವರು ನನ್ನ ಮಡಿಲಲ್ಲಿ ತಲೆ ಇಟ್ಟು ಉಸಿರಿಗೆ ಒದ್ದಾಡಿದ್ರು. ಗಾಡಿ ಯಾಕೆ ಹೊರಡುದಿಲ್ಲ ಅನಂತಾ ಅಂತ ನನ್ನನ್ನೇ ಕೇಳಿದ್ರು."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೊರಗೆ ಬೆಳಕು ಪೂರ್ತಿ ಕಂದಿತು. ಎಲೆಯ ಮೇಲಿನ ಅನ್ನ ಹಾಗೇ ಉಳಿಯಿತು. ನಾಳೆ ಬೆಳಿಗ್ಗೆಯ ತನಕ ಅವರಿಗೆ ಊಟವಿಲ್ಲ, ನನ್ನಿಂದ.

ಆದರೂ ನನ್ನ ಕೆಲಸ ನಾನು ಬಿಡುವವಳಲ್ಲ.

"ಅಮ್ಮ, ಇದಿನಬ್ಬ ಇದನ್ನು ಯಾರ ಹತ್ರವೂ ಹೇಳಿಲ್ಲ. ನಿಮ್ಮ ಹೆಸರು ಬರಬಾರದು ಅಂತ ಜೈಲಿಗೆ ಹೊರಟಿದ್ದಾನೆ. ಅವನ ಹೆಂಡತಿಗೆ ಇವತ್ತೋ ನಾಳೆಯೋ ಹೆರಿಗೆ. ನೀವು ನಾಳೆ ಕೋರ್ಟಿಗೆ ಬಂದು, ನೀರು ಹಾಕಿದ್ದು ನಾನು ಅಂತ ಒಂದು ಮಾತು ಹೇಳಿದ್ರೆ ಅವನು ಹೊರಗೆ ಬರ್ತಾನೆ."

"ಒಂದು ಮಾತು ಯಾಕೆ? ಎಲ್ಲ ಹೇಳ್ತೇನೆ." ಅವರು ಸೆರಗು ಸರಿಮಾಡಿಕೊಂಡರು. "ಕೇಳಿದವರಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ನಾನು ಹಿಡಿದ ವ್ರತ. ಅರ್ಧ ಹೇಳಿ ಅರ್ಧ ನುಂಗಿಕೊಂಡ್ರೆ ಅದೂ ಸುಳ್ಳೇ."

ಮನಸ್ಸಿನಲ್ಲೇ ಅವರಿಗೆ ಕೈಮುಗಿದೆ. ಜುಲೈಕಾಳ ಮುಖ ಕಣ್ಣಮುಂದೆ ಬಂತು. ಕೇಸು ಗೆದ್ದಾಗಿತ್ತು.

"ಪಾಪ, ಅವನದ್ದು ಎಂತದೂ ತಪ್ಪಿಲ್ಲ," ಎಂದರು ಅನಂತಮತಿ ಅಮ್ಮ. "ನಾನು ಅವನನ್ನು ಕೇಳಿಯೇ ಹಾಕಿದ್ದು."

"ಎಂತ ಕೇಳಿದ್ರಿ?"

"ಬಾಟ್ಲಿ ನೀರು ಹಾಕಲಿಕ್ಕೆ ಮನಸ್ಸು ಬರುದಿಲ್ಲ ಇದಿನಬ್ಬ, ನಮ್ಮ ಬಾವಿಯ ನೀರು ಆಗ್ತದಾ ಅಂತ ಕೇಳಿದೆ. ಅವನು ಸ್ವಲ್ಪ ಯೋಚನೆ ಮಾಡಿದ. ಆಗ್ತದೆ ಅಮ್ಮ, ನೀವು ಸೋಸಿ ಕಾಯಿಸಿದ ನೀರಿಗಿಂತ ಶುದ್ಧದ್ದು ಯಾವ ಅಂಗಡಿಯಲ್ಲಿ ಉಂಟು ಅಂದ."

ನಾನು ಕೇಳಿದ್ದು ಸರಿಯೇ ಎಂದು ಮತ್ತೊಮ್ಮೆ ಕೇಳಿದೆ. ಅವರು ಅದೇ ಮಾತನ್ನು ಅಕ್ಷರ ತಪ್ಪದೆ ಹೇಳಿದರು.

"ಆಮೇಲೆ ಬೆಳ್ತಂಗಡಿಯಿಂದ ಬಂದಾಗಲೆಲ್ಲ ಮುಚ್ಚಳ ತೆಗೆದು ನೋಡ್ತಿದ್ದ. ಸರಿ ಉಂಟು ಅಮ್ಮ ಅಂತಿದ್ದ. ಒಮ್ಮೆ ನಾನೇ ಬಗ್ಗಿ ನೋಡಿ, ಒಳಗೆ ಕೆಂಪಾಗಿದೆಯಲ್ಲ ಅಂದೆ. ಅದು ಹಾಗೇ ಆಗ್ತದೆ, ನೀವು ಹಾಕ್ತಾ ಇರಿ ಅಂದ. ಪಾಪ, ಅವನಿಗಾದ್ರೂ ಎಂತ ಗೊತ್ತು? ನನ್ನ ಹಾಗೆ ಅವನೂ ತಿಳಿಯದವನು."

ಬಾವಿ ನೀರು ಬಿದ್ದರೆ ಬ್ಯಾಟರಿ ಕೂತಲ್ಲೇ ಸಾಯುತ್ತದೆ ಎಂದು ಬಾಯಿಪಾಠ ಒಪ್ಪಿಸಿದವನು ಅವನು. ತಪ್ಪಿಲ್ಲದೆ ಹೇಳಿದ, ಹುಷಾರು ಜನ ಎಂದಿದ್ದರು ಬಾಳಿಗರು. ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತು ಎಂಬುದನ್ನು ಟೈಪು ಮಾಡಿಸಿ, ಮೊಹರು ಹಾಕಿಸಿ, ಕೈಯಾರೆ ಪೊಲೀಸರ ಮೇಜಿನ ಮೇಲಿಟ್ಟು ಬಂದವಳು ನಾನು.

ಅಮ್ಮನ ಹತ್ತಿರ ಹೋಗಬೇಡಿ ಎಂದು ಅವನು ಕಾಲು ಹಿಡಿಯಲು ಬಂದದ್ದು ಯಾರನ್ನು ಉಳಿಸಲು?

ಸುಲಿದ ಅಂಗೈಗಳೂ ಸುಳ್ಳಲ್ಲ. ಧಣಿ ತನ್ನ ಹೆಸರು ಹಿಡಿದು ಕರೆದದ್ದನ್ನು ಹೇಳುವಾಗ ಅವನು ತಲೆ ಎತ್ತದಿದ್ದದ್ದೂ ಸುಳ್ಳಲ್ಲ. ಕೊಲ್ಲುವವನು ಹಾಗೆ ಹ್ಯಾಂಡಲ್ ತಿರುಗಿಸುತ್ತಾನೆಯೇ? ಕೊಲ್ಲದವನು ಹಾಗೆ 'ಸರಿ ಉಂಟು' ಎನ್ನುತ್ತಾನೆಯೇ? ನನಗೆ ಒಂದೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಈ ಹೆಂಗಸು ನಾಳೆ ಕೋರ್ಟಿನಲ್ಲಿ ಬಾಯಿ ತೆರೆದರೆ ಇದಿನಬ್ಬ ಈ ಜನ್ಮದಲ್ಲಿ ಹೊರಗೆ ಬರುವುದಿಲ್ಲ.

"ಎಷ್ಟು ಗಂಟೆಗೆ ಬರ್ಬೇಕು ಮಗಾ?" ಎಂದು ಕೇಳಿದರು ಅನಂತಮತಿ ಅಮ್ಮ.

"ಬೇಡಮ್ಮ. ನೀವು ಬರುದು ಬೇಡ."

"ಬೇಡ? ಈಗ ತಾನೇ ನೀವೇ ಬನ್ನಿ ಅಂದ್ರಲ್ಲ?"

"ಸೂತಕ ಉಂಟಲ್ಲ ನಿಮಗೆ. ನಾನು ಬೇರೆ ದಾರಿ ನೋಡ್ತೇನೆ."

"ಸೂತಕ ಅಂತ ಒಬ್ಬ ನಿರಪರಾಧಿಯನ್ನು ಜೈಲಿಗೆ ಕಳಿಸ್ಲಿಕ್ಕೆ ಆಗ್ತದಾ?"

ಬೀದಿಯಲ್ಲಿ ಜೀಪು ನಿಂತ ಸದ್ದು ನನಗೆ ಯಾವಾಗಲೋ ಕೇಳಿಸಿತ್ತು. ನಾನದಕ್ಕೆ ಗಮನ ಕೊಟ್ಟಿರಲಿಲ್ಲ. ತಿರುಗಿ ನೋಡಿದರೆ ಹೊಸ್ತಿಲಾಚೆಯ ಮಬ್ಬಿನಲ್ಲಿ ಬಿಳಿ ಅಂಗಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ವರ್ಧಮಾನ ಚಪ್ಪಲಿ ಕಳಚಿ ಸದ್ದಿಲ್ಲದೆ ಒಳಗೆ ಬಂದ. ಅನಂತಮತಿ ಅಮ್ಮನ ಎದುರಿನ ಎಲೆಯನ್ನು ನೋಡಿದ. ಬಗ್ಗಿ ಅದನ್ನು ತಾನೇ ಎತ್ತಿಕೊಂಡ.

"ಮಾಮಿ ಬರ್ತಾರೆ ಮೇಡಂ," ಎಂದ ಅದೇ ಮರ್ಯಾದೆಯ ದನಿಯಲ್ಲಿ. "ನಾನೇ ಜೀಪಿನಲ್ಲಿ ಕರ್ಕೊಂಡು ಬರ್ತೇನೆ. ನಿಮ್ಮ ಬಾಳಿಗರ ಹೇಳಿಕೆಯನ್ನು ಠಾಣೆಯಲ್ಲಿ ಕೂತು ಪೂರ್ತಿ ಓದಿದೆ. ಮಾಮಿ ಹೇಳುವುದನ್ನು ಅದರ ಪಕ್ಕದಲ್ಲಿಟ್ಟು ಓದಿದ್ರೆ ಸಾಕು. ನಮಗೆ ಬೇರೆ ವಕೀಲರೇ ಬೇಡ."